ಲೈನ್ ಮೂರರ ಮುಡಿಪು

ವೆಂಕಟಲಕ್ಷ್ಮಮ್ಮನವರಿಗೆ ರೈಟರ್ ಕೆಲಸ ಸಿಕ್ಕಿದ್ದು ಅವರ ಅಕ್ಷರ ದುಂಡಗಿದ್ದುದರಿಂದ. ಕಾಮಾಕ್ಷಿಪಾಳ್ಯದಲ್ಲಿ ಮಾಗಡಿ ರಸ್ತೆ ಬಿಟ್ಟು ಎರಡು ತಿರುವು ಒಳಗೆ ಹೋದರೆ ನಮ್ಮ ಗಾರ್ಮೆಂಟ್ಸ್ ಇದೆ. ಶಾಲೆ ಮಕ್ಕಳ ಯೂನಿಫಾರಂ ಶರಟು ಹೊಲಿಯುತ್ತಾರೆ. ನಾಲ್ಕು ಲೈನು, ಒಂದೊಂದು ಲೈನಿಗೆ ಇಪ್ಪತ್ತೆಂಟು ಯಂತ್ರ. ಮೊದಲ ಯಂತ್ರದಲ್ಲಿ ಜೇಬು ಕೂರಿಸಿಕೊಂಡ ಬಟ್ಟೆ ಕೈಯಿಂದ ಕೈಗೆ ಸಾಗಿ ಕೊನೆಯ ಯಂತ್ರಕ್ಕೆ ಬರುವಷ್ಟರಲ್ಲಿ ಶರಟಾಗಿರುತ್ತದೆ. ಅಲ್ಲಿ ನಿಂತು ಶರಟುಗಳನ್ನು ಚೆಕಿಂಗ್ ಟೇಬಲ್ಲಿಗೆ ದಾಟಿಸುವುದು, ಗಂಟೆಗೆ ಎಷ್ಟು ಎಂದು ಗೋಡೆಯ ಬಿಳಿ ಬೋರ್ಡಿನ ಮೇಲೆ ಬರೆಯುವುದು ರೈಟರ್ ಕೆಲಸ. ಲೈನ್ ಮೂರಕ್ಕೆ ಹತ್ತೊಂಬತ್ತು ವರ್ಷ ಅವರೇ ರೈಟರ್ ಆಗಿದ್ದರು.

ಅವರ ತವರು ತಾವರೆಕೆರೆ ಕಡೆ. ಏಳನೇ ತರಗತಿಗೆ ಶಾಲೆ ಬಿಡಿಸಿದರು. ಮದುವೆಯಾಗಿ ಕಾಮಾಕ್ಷಿಪಾಳ್ಯಕ್ಕೆ ಬಂದರು. ಗಂಡ ಲೇತ್ ಮೆಷಿನ್ ಕೆಲಸದವರು, ಬೇಗ ತೀರಿಕೊಂಡರು. ಆಮೇಲೆ ಇದೇ ಗಾರ್ಮೆಂಟ್ಸಿಗೆ ದಾರ ಕತ್ತರಿಸುವ ಹೆಲ್ಪರ್ ಆಗಿ ಸೇರಿ, ತೋಳು ಕೂರಿಸುವ ಟೈಲರ್ ಆದರು. ಆಗಿನ ಯಜಮಾನರು ಮುನಿವೆಂಕಟಪ್ಪನವರು. ಒಂದು ದಿನ ಇವರ ರಜಾ ಚೀಟಿ ನೋಡಿ, "ಇಷ್ಟು ಚೆನ್ನಾಗಿ ಬರೆಯೋಳನ್ನ ತೋಳು ಹೊಲಿಯೋಕೆ ಯಾಕೆ ಕೂರಿಸಿದೀರ?" ಎಂದರಂತೆ. ಆ ಮಾತನ್ನು ವೆಂಕಟಲಕ್ಷ್ಮಮ್ಮನವರು ನನಗೆ ಮೂರು ಸಲ ಹೇಳಿದ್ದಾರೆ. ಈಗ ಅವರಿಗೆ ಐವತ್ಮೂರು. ಮಗಳು ಲತಾ ಔಷಧಿ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾಳೆ, ಇಬ್ಬರೂ ದೀಪಾಂಜಲಿ ನಗರದಲ್ಲಿದ್ದಾರೆ. ದಿನವಿಡೀ ನಿಂತು ನಿಂತು ಮಂಡಿ ಸವೆದಿದೆ. ಕೂರಲು ಸ್ಟೂಲ್ ಕೊಟ್ಟರೂ ಕೂರುವುದಿಲ್ಲ. ಕೂತರೆ ಲೈನಿನ ಆ ತುದಿ ಕಾಣುವುದಿಲ್ಲ ಎನ್ನುತ್ತಾರೆ.

ನಾನು ಚೇತನಾ. ನಮ್ಮದು ರಾಮದುರ್ಗ ತಾಲೂಕಿನ ಒಂದು ಹಳ್ಳಿ. ಬಿ.ಕಾಂ. ಮುಗಿಸಿ ಮೂರು ವರ್ಷದ ಹಿಂದೆ ಇಲ್ಲಿ ಆಫೀಸು ಕೆಲಸಕ್ಕೆ ಸೇರಿದೆ. ನಾಲ್ಕು ಬೋರ್ಡುಗಳ ಲೆಕ್ಕವನ್ನು ಸಂಜೆ ಎಕ್ಸೆಲ್‌ಗೆ ಹಾಕಿ ಈಗಿನ ಯಜಮಾನರಾದ ಭೈರೇಶ್ ಅವರಿಗೆ ಕಳಿಸುವುದು ಆಗ ನನ್ನ ಕೆಲಸ. ಅವರು ಮುನಿವೆಂಕಟಪ್ಪನವರ ಮಗ. ಅಪ್ಪ ರಾಗಿ ಬೆಳೆಯುತ್ತಿದ್ದ ಜಮೀನಿನ ಮೇಲೆಯೇ ಈ ಕಟ್ಟಡ ನಿಂತಿದೆ.

ಹೋದ ವರ್ಷ ಭೈರೇಶ್ ಸಾರ್ ಯಾವುದೋ ವಸ್ತುಪ್ರದರ್ಶನಕ್ಕೆ ಹೋಗಿ ಬಂದು, "ಇನ್ಮೇಲೆ ಎಕ್ಸೆಲ್ ಬೇಡಮ್ಮ, ಬಿಸಿನೆಸ್ ಇಂಟೆಲಿಜೆನ್ಸ್ ಹಾಕ್ಸೋಣ" ಎಂದರು. ಒಂದು ವಾರದಲ್ಲಿ ರಾಜಾಜಿನಗರದ ಸಾಫ್ಟ್‌ವೇರ್ ಕಂಪನಿಯಿಂದ ಅರುಣ್ ಕುಮಾರ್ ಎಂಬ ಯುವಕರು ಬಂದರು. ಊಟದ ಕೋಣೆಯಲ್ಲಿ ರೈಟರ್‌ಗಳನ್ನೂ ಸೂಪರ್‌ವೈಸರ್‌ಗಳನ್ನೂ ಕೂರಿಸಿ, ಪರದೆ ಮೇಲೆ ಬಣ್ಣ ಬಣ್ಣದ ಚಿತ್ರ ತೋರಿಸಿದರು. ಒಂದು ಗಂಟೆಯ ತರಬೇತಿ, ಅರ್ಧ ಇಂಗ್ಲಿಷಿನಲ್ಲಿ.

"ಎಲ್ಲಾ ಲೈನಿಗೂ ಒಂದೊಂದು ಟ್ಯಾಬ್ ಕೊಡ್ತೀವಿ. ಗಂಟೆಗೊಂದ್ಸಲ ಎಂಟ್ರಿ ಮಾಡಿ ಸಾಕು. ಡೇಟಾ ಕ್ಲೀನ್ ಇದ್ರೆ ಉತ್ತರ ತಾನಾಗೇ ಬರುತ್ತೆ" ಎಂದರು ಅರುಣ್ ಕುಮಾರ್.

ಲೈನ್ ಒಂದರ ರೈಟರ್ ನನ್ನ ಕಿವಿಯಲ್ಲಿ, "ಇಂಟೆಲಿಜೆನ್ಸ್ ಅಂದ್ರೆ ಪೊಲೀಸ್ನೋರಲ್ವಾ? ಗುಪ್ತವಾಗಿ ಮಾಹಿತಿ ತಗೊಂಡೋಗೋರು?" ಎಂದಳು. ಅಲ್ಲ, ಲೆಕ್ಕವನ್ನು ಚಿತ್ರ ಮಾಡಿ ತೋರಿಸುವ ಸಾಫ್ಟ್‌ವೇರ್ ಎಂದೆ. ಆದರೆ ಮಾತು ಆಗಲೇ ಕೋಣೆಯನ್ನು ಒಂದು ಸುತ್ತು ಹಾಕಿಬಿಟ್ಟಿತ್ತು. ಮರುದಿನ ಟ್ಯಾಬ್‌ಗಳು ಬಂದಾಗ ಹೆಂಗಸರು ಅವಕ್ಕೆ ಸಿಐಡಿ ಎಂದು ಹೆಸರಿಟ್ಟಾಗಿತ್ತು. "ಮೆಲ್ಲಗೆ ಮಾತಾಡೇ, ಸಿಐಡಿ ಚಾರ್ಜಿಗೆ ಹಾಕವ್ರೆ, ಕೇಳಿಸ್ಕೋತದೆ." ಅವರು ನಗುತ್ತಿದ್ದರು, ಆದರೆ ಟ್ಯಾಬ್ ಹತ್ತಿರ ಬಂದರೆ ಸುಮ್ಮನಾಗುತ್ತಿದ್ದರು.

ವೆಂಕಟಲಕ್ಷ್ಮಮ್ಮನವರು ಮೊದಲ ದಿನ ಒಂದೇ ಪ್ರಶ್ನೆ ಕೇಳಿದರು. ಪರದೆಯ ಮೇಲಿದ್ದ ಒಂದು ಪದದ ಮೇಲೆ ಬೆರಳಿಟ್ಟು, "ಇದೇನು ಬರೆದೈತೆ?"

"ಔಟ್‌ಪುಟ್. ಅಂದ್ರ, ಗಂಟಿಗೆ ಎಷ್ಟ್ ಆತು ಅಂತ."

"ಔಟ್ ಅಂದ್ರೆ ಆಚೆ. ಪುಟ್ ಅಂದ್ರೆ ಇಡೋದು. ಆಚೆ ಎಷ್ಟು ಕೊಟ್ಟೆ ಅಂತ ತಾನೆ?"

"ಹೌದ್ರಿ, ಅದೇ" ಎಂದೆ. ನನಗೆ ಬೇರೆ ಮೂರು ಟ್ಯಾಬ್ ನೋಡುವುದಿತ್ತು.

ಆರು ವಾರ ಕಳೆದವು. ಭೈರೇಶ್ ಸಾರ್ ಕೋಣೆಯ ಗೋಡೆಯಲ್ಲಿ ದೊಡ್ಡ ಟಿವಿ ಬಂತು. ಲೈನ್ ಒಂದು, ಎರಡು, ನಾಲ್ಕರ ಗೆರೆಗಳು ಏರಿ ಇಳಿಯುತ್ತಿದ್ದವು. ಲೈನ್ ಮೂರರ ಗೆರೆ ಮಾತ್ರ ಕೆರೆಯ ನೀರಿನಂತೆ ಮಟ್ಟಸ. ಗಂಟೆಗೆ ಅರವತ್ತು, ಅರವತ್ತು, ಅರವತ್ತೊಂದು, ಅರವತ್ತು. ಅರುಣ್ ಕುಮಾರ್ ಅದನ್ನು ಫೋನಿನಲ್ಲಿ ಫೋಟೋ ತೆಗೆದುಕೊಂಡರು. "ಸಾರ್, ಇದು ಸೂಪರ್ ಲೈನ್. ನೋಡಿ, ನಾಲ್ಕು ಜನ ರಜಾ ಇದ್ದ ದಿನಾನೂ ಅರವತ್ತೇ. ಅಂದ್ರೆ ಇಪ್ಪತ್ನಾಲ್ಕು ಜನದಲ್ಲೇ ಆಗುತ್ತೆ. ನಾಲ್ಕು ಜನ ಎಕ್ಸ್‌ಟ್ರಾ ಇದಾರೆ."

ಭೈರೇಶ್ ಸಾರ್‌ಗೆ ಅದು ಬೇಕಿದ್ದ ಮಾತೇ. ಕೆಂಗೇರಿಯಿಂದ ಆಚೆ ಹೊಸ ಘಟಕ ತೆಗೆಯುತ್ತಿದ್ದರು, ಅಲ್ಲಿಗೆ ಕೆಲಸ ಬಲ್ಲವರು ಬೇಕಿತ್ತು. "ನಾನು ಹೇಳ್ತಿಲ್ಲಮ್ಮ, ಟಿವೀನೇ ಹೇಳ್ತಿದೆ" ಎಂದು ನಕ್ಕರು. "ಲೈನ್ ಮೂರರಿಂದ ನಾಲ್ಕು ಜನಾನ ಒಂದನೇ ತಾರೀಕಿಂದ ಕೆಂಗೇರಿಗೆ ಹಾಕು. ಜಾಸ್ತಿ ರಜಾ ಹಾಕೋರನ್ನೇ ತೆಗಿ."

ಹಾಜರಾತಿ ಪಟ್ಟಿಯನ್ನು ರಜೆಯ ಪ್ರಕಾರ ಮೇಲಿಂದ ಕೆಳಕ್ಕೆ ಜೋಡಿಸಿದ್ದು ನಾನು. ಒಂದು ಸಲ ಒತ್ತಿದರೆ ಸಾಕು, ಜೋಡಣೆಯಾಗುತ್ತದೆ. ಮೂರನೇ ಹೆಸರು ಪಾರವ್ವ ಎಂದಿತ್ತು.

ಪಾರವ್ವ ಲೈನ್ ಮೂರರಲ್ಲಿ ಕಾಲರ್ ಕೂರಿಸುತ್ತಾಳೆ. ನಮ್ಮ ಕಡೆಯವಳೇ, ಗೋಕಾಕ ಹತ್ತಿರದವಳು. ಗಾರ್ಮೆಂಟ್ಸಿನ ಹಿಂದಿನ ಮೂರನೇ ಕ್ರಾಸಿನಲ್ಲಿ ಒಂದು ಕೋಣೆಯ ಮನೆ. ಗಂಡ ಈರಪ್ಪನಿಗೆ ಎರಡು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ, ಬಲಗಾಲು ಹೋಗಿವೆ. ಮಧ್ಯಾಹ್ನ ಒಂದಕ್ಕೆ ಗಂಟೆ ಹೊಡೆದೊಡನೆ ಅವಳು ಓಡುತ್ತಾಳೆ. ಗಂಡನನ್ನು ಎಬ್ಬಿಸಿ ಕೂರಿಸಿ, ಉಣ್ಣಿಸಿ, ಬಾಯಿ ತೊಳೆಸಿ, ಮತ್ತೆ ಮಲಗಿಸಿ ಬರಬೇಕು. ಕೆಂಗೇರಿಗೆ ಹೋದರೆ ಎರಡು ಬಸ್ಸು. ಅವಳನ್ನು ಅಲ್ಲಿಗೆ ಹಾಕುವುದೂ ಕೆಲಸ ಬಿಡು ಎನ್ನುವುದೂ ಒಂದೇ.

ಪಟ್ಟಿ ಸೂಚನಾ ಫಲಕಕ್ಕೆ ಬಿದ್ದ ದಿನ ಅವಳು ಅಳಲಿಲ್ಲ. ನನ್ನ ಮೇಜಿನ ಮುಂದೆ ಬಂದು ನಿಂತು, "ಯವ್ವಾ, ನಾ ಅಲ್ಲಿಗಿ ಹೋದ್ರ ಇವ್ರಿಗಿ ಮಧ್ಯಾಹ್ನ ಯಾರ್ ಉಣಸ್ತಾರ? ಒಂದ್ ತುತ್ತು ಬಾಯಿಗಿ ಒಯ್ಯಾಕ ಬರೂದಿಲ್ಲ ಅವ್ರಿಗಿ" ಎಂದಳು. "ಸಾಹೇಬರ ಮುಂದ ಮಾತಾಡ್ತೀನಿ" ಎಂದೆ. ಏನು ಮಾತಾಡಬೇಕೆಂದು ಗೊತ್ತಿರಲಿಲ್ಲ. ಟಿವಿಯಲ್ಲಿ ಅರವತ್ತು ಕಾಣುತ್ತಿತ್ತು.

ಅದೇ ಸಂಜೆ ವೆಂಕಟಲಕ್ಷ್ಮಮ್ಮನವರು ಮೆಟ್ಟಿಲು ಹತ್ತಿ ಆಫೀಸಿಗೆ ಬಂದರು. ಅವರು ಮೇಲೆ ಬರುವುದೇ ಅಪರೂಪ. ಏದುಸಿರು ಸುಧಾರಿಸಿಕೊಳ್ಳುತ್ತ ಬಾಗಿಲ ಚೌಕಟ್ಟು ಹಿಡಿದು ನಿಂತರು.

"ಅಲ್ಲ ಕಣವ್ವ, ಓದಿರೋಳು ನೀನು. ಮನುಷ್ಯರು ದಿನಕ್ಕೆ ಎಂಟು ಗಂಟೇನೂ ಒಂದೇ ಸಮ ಹೊಲೀತಾರಾ? ನಿಂಗೆ ಅನುಮಾನ ಬರಲಿಲ್ವಾ?"

"ಯಾಕ್ರಿ ಅಕ್ಕಾರ, ನೀವೇ ಅಲ್ರಿ ಎಂಟ್ರಿ ಮಾಡಿದ್ದು?"

"ನಾನೇ ಮಾಡಿದ್ದು. ಬಾ ಕೆಳಗೆ."

ಲೈನ್ ಖಾಲಿಯಾಗಿತ್ತು. ಯಂತ್ರಗಳ ಮೇಲೆ ಮುಸುಕು ಹೊದಿಸಿದ್ದರು. ಕೊನೆಯ ಟೇಬಲ್ಲಿನ ಕೆಳಗೆ, ಹಳೆಯ ಬಟ್ಟೆ ಮುಚ್ಚಿದ ಮೂರು ನೀಲಿ ಕ್ರೇಟುಗಳಿದ್ದವು. ಅವರು ಬಗ್ಗಲಾರದೆ ಕಾಲಿನಿಂದ ಬಟ್ಟೆ ಸರಿಸಿದರು. ಒಳಗೆ ಹೊಲಿದು ಮುಗಿದ ಶರಟುಗಳು, ಹತ್ತು ಹತ್ತರ ಕಟ್ಟು.

"ಇದೇನ್ರಿ?"

"ಮುಡಿಪು."

ನಾನು ಅವರ ಮುಖ ನೋಡಿದೆ. ನಮ್ಮ ಕಡೆಯೂ ದೇವರಿಗೆ ಹರಕೆಯ ಕಾಸನ್ನು ಬಟ್ಟೆಯಲ್ಲಿ ಕಟ್ಟಿ ಎತ್ತಿಡುತ್ತಾರೆ.

"ದೇವ್ರಿಗೆ ಎತ್ತಿಡೋದು ಅರಿಶಿನದ ಬಟ್ಟೇಲಿ. ಇದು ಬೋರ್ಡಿಗೆ ಎತ್ತಿಡೋದು" ಎಂದು ಅವರು ಗೋಡೆಗೆ ಒರಗಿದರು. "ಬೆಳಿಗ್ಗೆ ಮೊದಲ್ನೇ ಗಂಟೇಲಿ ಯಾವತ್ತೂ ಅರವತ್ತು ಆಗಲ್ಲ. ಬಸ್ಸು ತಡ, ಕತ್ತರಿಸಿದ ಬಟ್ಟೆ ಬಂದಿರಲ್ಲ, ದಾರ ಸಿಗಲ್ಲ. ಮೂವತ್ತೆಂಟು ಆದ್ರೆ ಹೆಚ್ಚು. ಹನ್ನೊಂದರ ಮೇಲೆ ಕೈ ಓಡ್ತದೆ, ಎಪ್ಪತ್ತೂ ಹೊಡೀತಾರೆ. ಹೆಚ್ಚಾದಾಗ ಇಲ್ಲಿಗೆ ಹಾಕ್ತೀನಿ. ಕಮ್ಮಿ ಆದಾಗ ಇಲ್ಲಿಂದ ತೆಗೀತೀನಿ. ನಾಳೆ ಯಾರು ಬರಲ್ಲ ಅಂತ ನಂಗೆ ಇವತ್ತು ಸಾಯಂಕಾಲನೇ ಗೊತ್ತಿರ್ತದೆ. ಹಬ್ಬ, ತಿಥಿ, ಮಗೂಗೆ ಜ್ವರ. ಅದಕ್ಕೆ ನಾಲ್ಕು ದಿನ ಮುಂಚಿಂದ ತುಂಬಿಸ್ಕೋತೀವಿ."

"ಅಂದ್ರ ಎಂಟ್ರಿ ಸುಳ್ಳ್ ಏನ್ರಿ?"

ಅವರಿಗೆ ನೋವಾಯಿತು. "ಒಂದು ಶರಟೂ ಸುಳ್ಳಲ್ಲ. ಆಚೆ ಎಷ್ಟು ಕೊಟ್ಟೆ ಅಂತ ಸಿಐಡಿ ಕೇಳ್ತು. ಆಚೆ ಕೊಟ್ಟಿದ್ದನ್ನೇ ಒತ್ತಿದೀನಿ. ನೀನೇ ಹೂಂ ಅಂದೆಯಲ್ಲವ್ವ?"

ನಾನು ಅಂದದ್ದು ನಿಜ. ಸಾಫ್ಟ್‌ವೇರಿಗೆ ಬೇಕಿದ್ದುದು ಆ ಗಂಟೆಯಲ್ಲಿ ಹೊಲಿದದ್ದು. ನಮ್ಮಲ್ಲಿ ಎಣಿಸುತ್ತಿದ್ದುದು ಆ ಗಂಟೆಯಲ್ಲಿ ಕೊಟ್ಟದ್ದು. ಆರು ವಾರ ಎರಡಕ್ಕೂ ಒಂದೇ ಹೆಸರಿತ್ತು. ಗ್ರಾಫಿನ ಬಣ್ಣ ಯಾವುದಿರಬೇಕೆಂದು ಎರಡು ಸಭೆ ನಡೆದಿದ್ದವು. ಶರಟನ್ನು ಯಾವಾಗ ಎಣಿಸುತ್ತೀರಿ ಎಂದು ರೈಟರ್‌ಗಳನ್ನು ಅರುಣ್ ಕುಮಾರ್ ಕೇಳಿರಲಿಲ್ಲ, ಭೈರೇಶ್ ಸಾರ್ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

"ಹಂಗಾರ ನಾಳಿಂದ ಹೊಲಿದದ್ದನ್ನೇ ಒತ್ತ್ರಿ. ನಾಕ್ ಮಂದಿ ಹೆಚ್ಚಿಲ್ಲ ಅಂತ ಸಾಹೇಬ್ರಿಗೇ ತಿಳೀತೈತಿ" ಎಂದೆ.

ವೆಂಕಟಲಕ್ಷ್ಮಮ್ಮನವರು ಕ್ರೇಟುಗಳ ಕಡೆ ನೋಡಿ, "ಊಟ ಆದ್ಮೇಲಿನ ಗಂಟೆ?" ಎಂದರು.

ನನಗೆ ಅರ್ಥವಾಗಲಿಲ್ಲ.

"ಪಾರವ್ವ ಒಂದೂವರೆಗೆ ಬರಕ್ಕಾಗಲ್ಲ. ಹತ್ತು ನಿಮಿಷ, ಒಂದೊಂದು ದಿನ ಹದಿನೈದು ನಿಮಿಷ ತಡ. ಕಾಲರ್ ನಿಂತ್ರೆ ಹಿಂದಿಂದೆಲ್ಲ ನಿಲ್ತದೆ. ಆ ಗಂಟೇಲಿ ನಲವತ್ತೊಂಬತ್ತು ಆಗ್ತದೆ. ಮುಡಿಪಿಂದ ಹನ್ನೊಂದು ತೆಗೆದು ತುಂಬ್ತೀನಿ. ಎರಡು ವರ್ಷದಿಂದ." ಅವರು ಬಟ್ಟೆಯನ್ನು ಕಾಲಿನಿಂದಲೇ ಮತ್ತೆ ಮುಚ್ಚಿದರು. "ತುಂಬಿದ್ರೆ ನಾಲ್ಕು ಜನ ಹೋಗ್ತಾರೆ, ಅವಳೂ ಹೋಗ್ತಾಳೆ. ತುಂಬದೇ ಇದ್ರೆ ಅವಳೊಬ್ಬಳನ್ನೇ ಬೆಟ್ಟು ಮಾಡಿ ತೋರಿಸ್ದಂಗಾಗ್ತದೆ. ಯಾವ್ದು ಮಾಡ್ಲಿ ಹೇಳು."

ಮರುದಿನ ಬೆಳಿಗ್ಗೆ ಹತ್ತಕ್ಕೆ ಅವರು ಮೂವತ್ತೆಂಟು ಎಂದು ಒತ್ತಿದರು. ಕ್ರೇಟಿನ ಶರಟುಗಳನ್ನೆಲ್ಲ ಹಿಂದಿನ ತಾರೀಕಿನಲ್ಲಿ ಚೆಕಿಂಗ್‌ಗೆ ಕೊಟ್ಟಾಗಿತ್ತು.

ಗಂಟೆಯ ಗುರಿ ಅರವತ್ತು, ಅದಕ್ಕಿಂತ ಕಡಿಮೆಯಾದರೆ ಪರದೆಯಲ್ಲಿ ಕೆಂಪು ಬರುತ್ತದೆ. ಆ ವಾರ ಟಿವಿ ಕೆಂಪಾಯಿತು. ಮೂವತ್ತೆಂಟು, ಐವತ್ತೇಳು, ಅರವತ್ತಾರು, ಎಪ್ಪತ್ತು, ನಲವತ್ತೊಂಬತ್ತು. ದಿನದ ಮೊತ್ತ ಅಷ್ಟೇ ಇತ್ತು, ನಾನೂರೆಂಬತ್ತರ ಆಸುಪಾಸು. ಮೊತ್ತವನ್ನು ಯಾರೂ ನೋಡಲಿಲ್ಲ, ಎಲ್ಲರೂ ಕೆಂಪನ್ನು ನೋಡಿದರು. ಯಾರಾದರೂ ರಜಾ ಹಾಕಿದ ದಿನ ಮೊತ್ತವೂ ಬಿತ್ತು. ಭೈರೇಶ್ ಸಾರ್ ಗುರುವಾರದವರೆಗೆ ತಾಳ್ಮೆಯಿಂದಿದ್ದು ಶುಕ್ರವಾರ ಅರುಣ್ ಕುಮಾರ್ ಅವರಿಗೆ ಫೋನ್ ಮಾಡಿ ಕೂಗಾಡಿದರು. "ಏನ್ರೀ ನಿಮ್ ಸಾಫ್ಟ್‌ವೇರು! ಆರು ವಾರ ಚೆನ್ನಾಗಿತ್ತು, ಈಗ ಕೆಟ್ಟೋಗಿದೆ!"

ಸುಳ್ಳು ತೋರಿಸುತ್ತಿದ್ದಾಗ ಅದರ ಮಾತು ಕೇಳಿ ಜನರನ್ನು ಕದಲಿಸಲು ಹೊರಟಿದ್ದರು. ನಿಜ ತೋರಿಸಿದ ವಾರ ಅದು ಕೆಟ್ಟಿತ್ತು. ನನಗೆ ನಗಲೂ ಆಗಲಿಲ್ಲ.

ಶನಿವಾರ ಸಭೆ. ಟಿವಿಯ ಮುಂದೆ ಭೈರೇಶ್ ಸಾರ್, ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದ ಅರುಣ್ ಕುಮಾರ್, ಬಾಗಿಲ ಬಳಿ ನಾನು. ವೆಂಕಟಲಕ್ಷ್ಮಮ್ಮನವರನ್ನು ಕರೆಸಿದರು. ಕುರ್ಚಿ ತೋರಿಸಿದರೂ ಅವರು ನಿಂತೇ ಇದ್ದರು.

"ಸಾರ್, ಸಾಫ್ಟ್‌ವೇರ್ ಸರಿಯಾಗೇ ಇದೆ. ರೂಟ್ ಕಾಸ್, ಮೂಲ ಕಾರಣ ಸಿಕ್ಕಿದೆ" ಎಂದು ಅರುಣ್ ಕುಮಾರ್ ಒಂದು ಚಿತ್ರ ತೆರೆದರು. "ಟಾರ್ಗೆಟ್ ಕಮ್ಮಿ ಆದಾಗೆಲ್ಲ ಕಾರಣ ಸೆಲೆಕ್ಟ್ ಮಾಡ್ಬೇಕು. ಈ ವಾರ ಇಪ್ಪತ್ಮೂರು ಸಲ ಕಮ್ಮಿ ಆಗಿದೆ. ಇಪ್ಪತ್ಮೂರು ಸಲಾನೂ ಒಂದೇ ಕಾರಣ, ಸೂಜಿ ಮುರಿದಿದ್ದು. ಸೂಜಿ ಸಪ್ಲೈಯರ್‌ನ ಬದಲಾಯಿಸಿದ್ರೆ ಮುಗೀತು ಸಾರ್."

"ಇಪ್ಪತ್ಮೂರು ಸಲ ಸೂಜಿ ಮುರೀತಾ?" ಭೈರೇಶ್ ಸಾರ್ ಎದ್ದು ನಿಂತರು. "ಏನ್ರಿ ಲಕ್ಷ್ಮಮ್ಮೋರೆ, ಶರಟು ಹೊಲೀತಿದೀರೋ, ಕಬ್ಬಿಣ ಹೊಲೀತಿದೀರೋ?"

"ಒಂದೂ ಮುರಿದಿಲ್ಲ ಸಾರ್."

"ಮತ್ತೆ?"

"ಪಟ್ಟೀಲಿ ಅದೇ ಮೊದಲ್ನೇದು. ಏನಾದ್ರೂ ಒತ್ತದೇ ಇದ್ರೆ ಮುಂದಕ್ಕೇ ಬಿಡಲ್ಲ ಅದು. ಹದಿನೇಳು ಕಾರಣ ಅವೆ, ಎಲ್ಲಾ ಇಂಗ್ಲಿಷ್ನಲ್ಲಿ. ನಮ್ಮ ಕಾರಣ ಅದ್ರಾಗೆ ಇಲ್ಲ."

"ಯಾವ್ದಮ್ಮ ನಿಮ್ಮ ಕಾರಣ?"

ವೆಂಕಟಲಕ್ಷ್ಮಮ್ಮನವರು ನನ್ನ ಕಡೆ ನೋಡಿದರು. ನಾನು ಸಹಾಯಕ್ಕೆ ಬರಬೇಕಿತ್ತು. ಹಿಂದಿನ ರಾತ್ರಿ ಒಂದು ಪುಟದ ಟಿಪ್ಪಣಿ ಬರೆದುಕೊಂಡು ಬಂದಿದ್ದೆ, ಅದು ಕೈಯಲ್ಲೇ ಇತ್ತು. ಅವರು ನನಗಾಗಿ ಕಾಯಲಿಲ್ಲ. ಮುಡಿಪಿನ ವಿಷಯವನ್ನೆಲ್ಲ ಹೇಳಿದರು. ಕ್ರೇಟು, ಮೊದಲ ಗಂಟೆ, ರಜೆಗೆ ತುಂಬಿಸಿಕೊಳ್ಳುವುದು. ಪಾರವ್ವನ ಹತ್ತು ನಿಮಿಷವನ್ನೂ ಹೇಳಿದರು. ಬೇರೆಯವರ ಬಾಯಿಂದ ಬರುವುದಕ್ಕಿಂತ ತಾವೇ ಹೇಳುವುದು ವಾಸಿ ಎನಿಸಿರಬೇಕು.

ಭೈರೇಶ್ ಸಾರ್ ಕೂತರು. "ಹತ್ತೊಂಬತ್ತು ವರ್ಷ ನಮ್ಮನ್ನ ಯಾಮಾರಿಸಿದೀರ."

"ನಿಮ್ಮ ತಂದೆಯವರೇ ಹೇಳ್ಕೊಟ್ಟಿದ್ದು ಸಾರ್. ಆರ್ಡರ್ ಕೊಡೋರು ಬಂದಾಗ ಬೋರ್ಡು ನೋಡ್ತಾರೆ, ಏರುಪೇರಾದ್ರೆ ಹೆದರ್ತಾರೆ, ಒಂದೇ ಸಮ ಇರ್ಲಿ ಲಕ್ಷ್ಮಮ್ಮ ಅಂದ್ರು. ಕಣದಲ್ಲಿ ರಾಶಿ ಎಷ್ಟೇ ಇದ್ರೂ ಮನೆ ಖರ್ಚಿಗೆ ದಿನಾ ಒಂದೇ ಅಳತೆ ತೆಗೀಬೇಕು ಅಂದ್ರು. ಮುಡಿಪು ಅನ್ನೋ ಹೆಸರೂ ಅವರದ್ದೇ."

ತನ್ನ ತಂದೆಯಿಂದ ತನಗೆ ಬಾರದ ಮಾತೊಂದು ಇಷ್ಟು ವರ್ಷ ಕೆಳಗಿನ ಮಹಡಿಯಲ್ಲೇ ಇತ್ತು ಎಂಬುದು ಅವರಿಗೆ ಹೊಳೆದಿರಬೇಕು. ಹಾಗೆಂದು ನಾನು ಅಂದುಕೊಂಡೆ. ಅವರು ಹೇಳಿದ್ದು ಬೇರೆ. "ಕೆಂಗೇರೀಲಿ ನಾಲ್ಕು ಜನ ಬರ್ತಾರೆ ಅಂತ ಹೇಳಿಬಿಟ್ಟಿದೀನಲ್ಲ. ಈಗ ಯಾರನ್ನ ಕಳಿಸ್ಲಿ?"

"ಆಪರೇಟರ್ಸ್‌ಗಿಂತ ಅಲ್ಲಿ ಟ್ಯಾಬ್ ಗೊತ್ತಿರೋರು ಬೇಕು ಸಾರ್. ಹೊಸಬರಿಗೆ ಲೈನ್ ಹೇಳ್ಕೊಡೋರು" ಎಂದರು ಅರುಣ್ ಕುಮಾರ್. ಅಷ್ಟು ವಾರಗಳಲ್ಲಿ ಅವರು ಆಡಿದ ಅತ್ಯಂತ ಉಪಯೋಗದ ಮಾತು ಅದು.

ಭೈರೇಶ್ ಸಾರ್ ವೆಂಕಟಲಕ್ಷ್ಮಮ್ಮನವರನ್ನು ನೋಡಿದರು. ಸಿಟ್ಟೂ ಇತ್ತು, ಲೆಕ್ಕಾಚಾರವೂ ಇತ್ತು. "ನೀವು ಹೋಗಿ ಹಂಗಾದ್ರೆ. ದೀಪಾಂಜಲಿ ನಗರ ತಾನೆ? ಮೆಟ್ರೊ ಇದೆ. ನೀವೊಬ್ರು ಹೋದ್ರೆ ನಾಲ್ಕು ಜನ ಬೇಡ. ಆದ್ರೆ ಈ ಮುಡಿಪು ಗಿಡಿಪು ಅಲ್ಲಿ ನಡೆಯಲ್ಲ."

"ಮಧ್ಯಾಹ್ನ ಹೇಳ್ತೀನಿ ಸಾರ್" ಎಂದು ಅವರು ಕೆಳಗಿಳಿದರು.

ನಾನು ಹಿಂದೆಯೇ ಹೋದೆ. ಅವರು ನೀರಿನ ಕ್ಯಾನಿನ ಹತ್ತಿರ ಒಂದು ಲೋಟ ನೀರು ಕುಡಿದು, ಇನ್ನೊಂದು ಲೋಟ ಹಿಡಿದು ನಿಂತರು, ಕುಡಿಯಲಿಲ್ಲ. ಆ ಕಡೆಯಿಂದ ಈ ಕಡೆಗೆ ಇಪ್ಪತ್ತೆಂಟು ಯಂತ್ರಗಳು ಓಡುತ್ತಿದ್ದವು. ಆ ಶಬ್ದದಲ್ಲೇ ಯಾವ ಯಂತ್ರ ನಿಂತಿತು ಎಂದು ಅವರಿಗೆ ಗೊತ್ತಾಗುತ್ತದೆ. ಹೊಸ ಜಾಗದಲ್ಲಿ ಇಪ್ಪತ್ತು ಜನರ ಹೆಸರು ಕಲಿಯಬೇಕು, ಯಾರ ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಎಂದು ತಿಳಿಯಬೇಕು. ಅದಕ್ಕೆ ವರ್ಷಗಳು ಬೇಕು.

"ಸುಸ್ತಾಗೈತೆ ಕಣವ್ವ" ಎಂದರು. ಅಷ್ಟೇ.

ಊಟವಾದ ಮೇಲೆ ಅವರು ಮತ್ತೆ ಮೆಟ್ಟಿಲು ಹತ್ತಿದರು. "ಹೋಗ್ತೀನಿ ಸಾರ್. ಆ ನಾಲ್ಕು ಜನಾನ ಇಲ್ಲಿಂದ ಕದಲಿಸಬಾರ್ದು. ಪಾರವ್ವ ಮಧ್ಯಾಹ್ನ ಕಾಲು ಗಂಟೆ ತಡವಾಗಿ ಬಂದ್ರೆ ಯಾರೂ ಕೇಳಬಾರ್ದು, ಸಾಯಂಕಾಲ ಕಾಲು ಗಂಟೆ ಜಾಸ್ತಿ ಕೂರ್ತಾಳೆ. ಇದನ್ನ ಬರೆದ್ಕೊಡಿ."

"ನಮ್ಮ ಬಾಯಿಮಾತು ಸಾಲದಾ?"

"ಬಾಯಲ್ಲಿ ಹೇಳಿದ್ದನ್ನ ಯಾರೂ ನಂಬಲ್ಲ ಸಾರ್ ಈಗ. ನೀವೂ ಟಿವೀಲಿ ಬಂದ್ರೆ ತಾನೆ ನಂಬಿದ್ದು?"

ಭೈರೇಶ್ ಸಾರ್ ಅವರನ್ನೇ ನೋಡಿ, ಕೊನೆಗೆ ನನ್ನ ಕಡೆ ಕೈ ಮಾಡಿದರು. ನಾನು ಕನ್ನಡದಲ್ಲೇ ಟೈಪ್ ಮಾಡಿದೆ, ಏಳು ಸಾಲು. ವೆಂಕಟಲಕ್ಷ್ಮಮ್ಮನವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, "ಕಾಲು ಗಂಟೆ ಅಂತ ಮಾತ್ರ ಬೇಡ, ಒಂದೂಮುಕ್ಕಾಲರವರೆಗೆ ಅಂತ ಹಾಕು" ಎಂದು ತಿದ್ದಿಸಿದರು. ಸಾರ್ ಸಹಿ ಮಾಡಿದರು, ಸೀಲ್ ಒತ್ತಿದೆ.

ಪಾರವ್ವನಿಗೆ ವಿಷಯ ತಿಳಿದಾಗ ಅವಳು ಸಂತೋಷಪಡಲಿಲ್ಲ, ಜಗಳಕ್ಕೆ ಬಂದಳು. "ನಾ ಏನ್ ಕೇಳಿದ್ನಿ ಏನಕ್ಕಾ ನಿನಗ? ಮಂಡಿ ಹಿಡಕೊಂಡು ಅಷ್ಟ್ ದೂರ ಹೋಗಾಕ ಹೊಂಟೀ. ಈ ಋಣ ನಾ ಹೆಂಗ್ ತೀರಸ್ಲಿ?"

"ನಿನ್ನ ಸಲುವಾಗಿ ಅಂತ ಯಾರೇ ಹೇಳಿದ್ದು? ಬಸ್ಸಲ್ಲಿ ನಿಂತ್ಕೊಂಡು ಬರ್ತಿದ್ದೆ, ಮೆಟ್ರೊದಾಗೆ ಕೂತ್ಕೊಂಡು ಹೋಗ್ತೀನಿ. ಏಸಿ ಬೇರೆ."

"ಸುಳ್ಳ್ ಹೇಳಬ್ಯಾಡ. ಬೆಳಿಗ್ಗಿ ಮೆಟ್ರೊದಾಗ ಯಾರಿಗಿ ಸೀಟ್ ಸಿಗತೈತಿ?"

"ಸಿಗ್ದೇ ಇದ್ರೆ ಹಿರೀಕರು ಅಂತ ಯಾರಾದ್ರೂ ಏಳ್ತಾರೆ ಬಿಡು."

"ಮತ್ತ ನಾ ತಡಾ ಮಾಡಿ ಬಂದಾಗ ಆ ತಾಸು ಯಾರ್ ತುಂಬತಾರ?"

"ಯಾರೂ ತುಂಬಲ್ಲ ಕಣೇ. ಕೆಂಪು ತೋರಿಸ್ತದೆ, ತೋರಿಸ್ಲಿ. ಕಾಗದ ಐತಲ್ಲ" ಎಂದು ವೆಂಕಟಲಕ್ಷ್ಮಮ್ಮನವರು ಅದರ ಒಂದು ಪ್ರತಿಯನ್ನು ನಾಲ್ಕು ಮಡಿಕೆ ಮಾಡಿ ಪಾರವ್ವನ ಕೈಯಲ್ಲಿಟ್ಟರು. ಇನ್ನೊಂದನ್ನು ನಾನು ಫೈಲಿಗೆ ಹಾಕಿದೆ.

ಸೋಮವಾರ ಲೈನ್ ಮೂರಕ್ಕೆ ಹೊಸ ರೈಟರ್ ಬಂದಳು. ಚೈತ್ರ ಎಂದು ಹೆಸರು, ಪಿಯುಸಿ ಓದಿದ್ದಾಳೆ, ಟ್ಯಾಬನ್ನು ಚುರುಕಾಗಿ ಒತ್ತುತ್ತಾಳೆ. ಊಟದ ನಂತರದ ಗಂಟೆಗೆ ನಲವತ್ತಾರು ಒತ್ತಿದಳು. ಎರಡು ನಿಮಿಷಕ್ಕೆ ನನ್ನ ಮೇಜಿನ ಫೋನು ಹೊಡೆದುಕೊಂಡಿತು.

"ಚೇತನಾ, ಲೈನ್ ಮೂರು ಯಾಕಮ್ಮ ಕೆಂಪಾಗಿದೆ?"

"ಪಾರವ್ವ ಮನಿಗೆ ಹೋಗಿದ್ರು ಸಾರ್. ಒಂದೂಮುಕ್ಕಾಲಕ್ಕೆ ಬಂದ್ರು. ನೀವು ಸಹಿ ಮಾಡಿದೀರಿ."

ಆ ಕಡೆ ಕಾಗದ ಸರಿಸುವ ಸದ್ದು ಕೇಳಿಸಿತು.

"ಹೂಂ, ಸರಿ" ಎಂದು ಫೋನ್ ಇಟ್ಟರು.